ಮಂಡಿಯ ಮೇಲಿನ ಕೈ

ಕೆಲಸ ಬಿಟ್ಟು ಹನ್ನೊಂದು ವರ್ಷವಾಗಿದ್ದರೂ ಬೀದಿಯವರ ಬಾಯಲ್ಲಿ ಅವರು ಇನ್ನೂ ಕಂಡಕ್ಟರೇ. ಮೂವತ್ತನಾಲ್ಕು ವರ್ಷ ಬಸ್ಸಿನೊಳಗೆ ಬಲಗೈ ಮುಂದೆ ಚಾಚಿಕೊಂಡೇ ಓಡಾಡಿದವರು. ಆ ಕೈಗೆ ಜನ ದುಡ್ಡು ಹಾಕುತ್ತಿದ್ದರು, ಅವರು ಟಿಕೆಟ್ ಹರಿದು ಕೊಡುತ್ತಿದ್ದರು. ಅದನ್ನು ಯಾರೂ ಬೇರೆ ಹೆಸರಿನಿಂದ ಕರೆದಿರಲಿಲ್ಲ.

ಈಗ ಅದೇ ಕೈಗೆ ಲಕ್ವ ಹೊಡೆದಿತ್ತು. ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ರೇಜರು ಜಾರಿ ಬಿತ್ತು, ಹಿಂದೆಯೇ ಅವರೂ ಬಿದ್ದರು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ನಡಿಗೆ ಮುಕ್ಕಾಲು ಪಾಲು ವಾಪಸ್ಸಾಗಿತ್ತು, ಮಾತು ಆಗಿರಲಿಲ್ಲ. ಉಳಿದದ್ದು ನಾಲ್ಕೇ ಪದ: ಇಲ್ಲ, ನೀರು, ಚಿಲ್ಲರೆ, ರೈಟ್. ಹೌದು ಎನ್ನಬೇಕಾದ ಕಡೆಯೆಲ್ಲ ರೈಟ್. ಸಂಸಾರ ಮಾಡೋಕೆ ಇಷ್ಟು ಸಾಕು ಎಂದು ಅವರ ಹೆಂಡತಿ, ಮನೆಯ ಅಜ್ಜಿ, ಹೇಳುತ್ತಿದ್ದಳು. ಮೊದಲೂ ಇದಕ್ಕಿಂತ ಹೆಚ್ಚೇನೂ ಆಡುತ್ತಿರಲಿಲ್ಲವಂತೆ.

ತಕರಾರೆಲ್ಲ ಕೈಯದು. ಬಿಟ್ಟರೆ ಮುಷ್ಟಿ ಕಟ್ಟಿಕೊಳ್ಳುತ್ತಿತ್ತು. ಅಂಗೈ ಮೇಲೆ ಮಾಡಿ ಮಂಡಿಯ ಮೇಲಿಟ್ಟುಕೊಳ್ಳಬೇಕು, ಬೆರಳು ಬಿಚ್ಚಬೇಕು, ಇಪ್ಪತ್ತು ಎಣಿಸಬೇಕು, ಸಡಿಲ ಬಿಟ್ಟು ಮತ್ತೆ ಬಿಚ್ಚಬೇಕು. ದಿನಕ್ಕೆ ಇನ್ನೂರು ಸಲ.

"ಇನ್ನು ಮೂರು ತಿಂಗಳು ಬಿಡದೆ ಮಾಡಿಸಿ," ಎಂದು ವ್ಯಾಯಾಮ ಮಾಡಿಸುವ ಹೆಂಗಸು ಸೊಸೆಗೆ ಹೇಳಿದ್ದಳು. "ಮಧ್ಯದಲ್ಲಿ ನಿಲ್ಲಿಸಿದ್ರೆ ಬೆರಳು ಹಾಗೇ ಗಟ್ಟಿಯಾಗಿಬಿಡುತ್ತೆ. ಆಮೇಲೆ ಯಾರು ಬಂದ್ರೂ ಬಿಚ್ಚೋಕಾಗಲ್ಲ."

ಸೊಸೆ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಬೆಳಿಗ್ಗೆ ಮಾವನನ್ನು ಜೊತೆಗೆ ಕರೆದುಕೊಂಡು ಹೋಗಿ ವ್ಯಾಯಾಮದ ಕೋಣೆಯಲ್ಲಿ ಬಿಡುತ್ತಿದ್ದಳು. ಅಲ್ಲಿ ಒಂಬತ್ತೂವರೆಗೆ ಮುಗಿಯುತ್ತಿತ್ತು, ಅವಳಿಗೆ ಬಿಡುವಾಗುತ್ತಿದ್ದುದು ಹನ್ನೆರಡಕ್ಕೆ. ನಡುವಿನ ಹೊತ್ತು ಕಂಡಕ್ಟರು ಗೇಟಿನೆದುರಿನ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು, ಬರುವ ಹೋಗುವ ಬಸ್ಸು ನೋಡುತ್ತ, ಮಂಡಿಯ ಮೇಲೆ ಅಂಗೈ ಬಿಚ್ಚಿ ಮುಚ್ಚಿ ಮಾಡುತ್ತಿದ್ದರು. ಒಳಗೆ ಫ್ಯಾನಿನ ಕೆಳಗೆ ಕೂರಿ ಮಾವ ಎಂದರೆ "ಇಲ್ಲ". ಬಸ್ ಸ್ಟಾಪ್ ಎಂದರೆ "ರೈಟ್".

ಎರಡನೆಯ ವಾರ ಸೊಸೆ ಬಟ್ಟೆ ಒಗೆಯಲು ತೆಗೆದಾಗ ಮಾವನ ಅಂಗಿಯ ಜೇಬಿನಲ್ಲಿ ಒಂದು ಹಿಡಿ ನಾಣ್ಯ ಸಿಕ್ಕಿತು. ಅವತ್ತು ರಾತ್ರಿ ಊಟಕ್ಕೆ ಬ್ರೆಡ್ಡು, ಬೇಯಿಸಿದ ಮೊಟ್ಟೆ. ನಾಣ್ಯಗಳನ್ನು ಅವಳು ಉಪ್ಪಿನ ಡಬ್ಬಿಯ ಪಕ್ಕ ಇಟ್ಟಳು.

"ಮಾವನ ಜೇಬಲ್ಲಿತ್ತು. ನಾನು ಕೊಟ್ಟಿಲ್ಲ."

"ನಾನೂ ಕೊಟ್ಟಿಲ್ಲ," ಎಂದ ಮಗ. ಅವನು ಲಿಫ್ಟ್ ರಿಪೇರಿಯವನು. ದಿನವಿಡೀ ಬೇರೆಯವರ ಮನೆಯ ಎತ್ತರಕ್ಕೆ ಹತ್ತಿಳಿದು ಬಂದು ಮನೆಯಲ್ಲಿ ಸ್ವಲ್ಪ ನೆಮ್ಮದಿ ಬಯಸುವವನು. "ಅಮ್ಮಾ, ನೀನು?"

"ನನ್ನ ಹತ್ರ ಎಲ್ಲಿದೆ ಕೊಡೋಕೆ?"

ಎಲ್ಲರೂ ಕಂಡಕ್ಟರ ಕಡೆ ತಿರುಗಿದರು. ಅವರು ಚಮಚ ಕೆಳಗಿಟ್ಟರು. ಎಡಗೈಯಿಂದ ಬಲಗೈ ಎತ್ತಿ ಮಂಡಿಯ ಮೇಲಿಟ್ಟು, ಅಂಗೈ ಬಿಚ್ಚಿ, ಒಂದು ನಾಣ್ಯವನ್ನು ತಾವೇ ಅದರೊಳಕ್ಕೆ ಹಾಕಿ ತೋರಿಸಿದರು. "ಚಿಲ್ಲರೆ," ಎಂದರು, ಬೇಸರದಿಂದ.

ಮೊದಲು ಅರ್ಥವಾದದ್ದು ಮೊಮ್ಮಗಳಿಗೆ. ಹದಿನೇಳು ವರ್ಷದ ಹುಡುಗಿ, ಕಾಲೇಜು ಸೇರಿದಾಗಿನಿಂದ ನಾಲಿಗೆ ಇನ್ನೂ ಉದ್ದವಾಗಿತ್ತು. ಬಾಯಲ್ಲಿದ್ದ ಮೊಟ್ಟೆ ಹೊರಗೆ ಬರುವಷ್ಟು ನಕ್ಕಳು.

"ನಗ್ತೀಯಾ?" ಮಗನ ಮುಖ ಕೆಂಪಾಯಿತು. "ನಮ್ಮಪ್ಪ ರಸ್ತೇಲಿ ಕೂತು ಭಿಕ್ಷೆ ಎತ್ತುತ್ತಾ ಇದ್ದಾರೆ, ನಿನಗೆ ನಗು."

"ಇಲ್ಲ," ಎಂದರು ಕಂಡಕ್ಟರು.

"ಎತ್ತಿಲ್ಲ ಕಣೋ, ಅವರಾಗೇ ಹಾಕಿದ್ದಾರೆ," ಎಂದಳು ಅಜ್ಜಿ. "ಎರಡೂ ಒಂದೇನಾ?"

"ನೋಡೋರಿಗೆ ಒಂದೇ."

"ಅಂಗೈ ಕೆಳಗೆ ಮಾಡಿ ಇಟ್ಕೊಂಡ್ರೆ?" ಎಂದಳು ಸೊಸೆ, ತಾನೇ ತಲೆಯಾಡಿಸಿದಳು. "ಆಗಲ್ಲ. ಮೇಲೇ ಇರ್ಬೇಕಂತೆ."

"ಹಾಗಾದ್ರೆ ಬೆಂಚು ಬೇಡ. ಮನೇಲೇ ಇರ್ಲಿ," ಎಂದ ಮಗ.

"ಮನೇಲಿ ಹತ್ತು ಸಲ ಮಾಡಿ ನಿದ್ದೆ ಹೋಗ್ತಾರೆ. ಬಸ್ಸು ಎಣಿಸ್ತಾ ಮಾತ್ರ ಇನ್ನೂರು ಮಾಡೋದು."

"ಜಗಳ ಯಾಕೆ?" ಎಂದಳು ಮೊಮ್ಮಗಳು, ಕಣ್ಣೊರೆಸಿಕೊಳ್ಳುತ್ತ. "ನಾನೊಂದು ಬೋರ್ಡ್ ಬರೀತೀನಿ. ತಾತನ ಕೊರಳಿಗೆ ಹಾಕೋಣ."

ದಪ್ಪ ರಟ್ಟಿನ ಮೇಲೆ, ನೀಲಿ ಶಾಯಿಯಲ್ಲಿ, ಅಚ್ಚು ಹಾಕಿದ ಹಾಗೆ ಬರೆದಳು: ಇದು ಕೈಯ ವ್ಯಾಯಾಮ. ದಯವಿಟ್ಟು ದುಡ್ಡು ಹಾಕಬೇಡಿ. ಎರಡು ತೂತು ಮಾಡಿ ದಾರ ಕಟ್ಟಿದಳು. ಮಗ ಎರಡು ಸಲ ಓದಿ ಒಪ್ಪಿದ. ಸೊಸೆ ಮಳೆ ಬಂದರೆ ಕೆಡದಿರಲೆಂದು ಪ್ಲಾಸ್ಟಿಕ್ ಹೊದಿಸಿದಳು. ಇಡೀ ಮನೆಗೆ ಇದು ಭಾರಿ ಉಪಾಯ ಅನ್ನಿಸಿತು. ನಾಲ್ಕು ಜನ ಬುದ್ಧಿವಂತರು ಸೇರಿ ಮಾಡಿದ ಕೆಲಸ.

ಕೊರಳಲ್ಲಿ ರಟ್ಟು ತೂಗುಹಾಕಿಕೊಂಡು ಕೈ ಬಿಚ್ಚಿ ಕೂತ ಮುದುಕನನ್ನು ಕಂಡರೆ ಜನ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಓದಬೇಕಾದರೆ ನಿಲ್ಲಬೇಕು, ನಿಂತರೆ ಮುಖ ನೋಡಬೇಕು. ಅಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ನಾಣ್ಯ ಹಾಕುವುದು ಬೇಗ ಮುಗಿಯುತ್ತದೆ. ಒಬ್ಬಳು ಮಾತ್ರ ನಿಂತು ಪೂರ್ತಿ ಓದಿದಳು. ಓದಿ, ಪಾಪ, ಇಷ್ಟು ಕಷ್ಟದಲ್ಲೂ ಎಂಥ ಸ್ವಾಭಿಮಾನ ಎಂದು ಪಕ್ಕದವಳಿಗೆ ಹೇಳಿ ನೋಟೇ ಇಟ್ಟು ಹೋದಳು.

ಬೆಂಚಿನ ಆ ತುದಿಯಲ್ಲಿ ನಿಜವಾದ ಭಿಕ್ಷುಕನೊಬ್ಬ ಕೂರುತ್ತಿದ್ದ. ಬಿಸಿಲಿರಲಿ ಚಳಿಯಿರಲಿ ಕಂದು ಮಫ್ಲರ್ ಬಿಚ್ಚುತ್ತಿರಲಿಲ್ಲ, ಹಾಗಾಗಿ ಮಫ್ಲರ್ ಎಂದೇ ಹೆಸರು. ಅವನು ಸೊಸೆಯನ್ನು ಒಮ್ಮೆ ತಡೆದು ನಿಲ್ಲಿಸಿದ.

"ಅಕ್ಕಾ, ಈ ಬೋರ್ಡ್ ಬರೆದೋರು ಯಾರು?"

"ನನ್ನ ಮಗಳು."

"ನನಗೂ ಒಂದು ಬರೆಸಿಕೊಡಿ. ನನ್ನ ಹೊಟ್ಟೆ ಮೇಲೆ ಹೊಡೀತಾ ಇದ್ದಾರೆ ನಿಮ್ಮ ಮಾವ."

ಆ ತಿಂಗಳು ನಗರಸಭೆಗೆ ಹೊಸ ಅಧಿಕಾರಿ ಬಂದಿದ್ದ. ಬಸ್ ಸ್ಟಾಪುಗಳಲ್ಲಿ ಫಲಕ ಎದ್ದಿತು: ಭಿಕ್ಷೆ ಬೇಡುವುದೂ ನೀಡುವುದೂ ಅಪರಾಧ. ನೀಡಿದವರನ್ನು ಯಾರೂ ಹಿಡಿಯಲಿಲ್ಲ. ಬೇಡಿದವರನ್ನು ಹಿಡಿಯಲು ಹಸಿರು ವ್ಯಾನು ಬಂತು.

ಬುಧವಾರ ಹನ್ನೆರಡಕ್ಕೆ ಸೊಸೆ ಬಂದಾಗ ಬೆಂಚು ಖಾಲಿ. ಮಫ್ಲರ್ ಔಷಧಿ ಅಂಗಡಿಯ ಸಾಲಿನಿಂದ ಹೊರಗೆ ಬಂದ.

"ವ್ಯಾನ್ ಬಂತು ಅಕ್ಕಾ. ನಾನು ಎದ್ದು ಔಷಧಿ ತಗೊಳ್ಳೋನ ಥರ ಇಲ್ಲಿ ನಿಂತೆ. ನಿಮ್ಮ ಮಾವನಿಗೂ ಸನ್ನೆ ಮಾಡಿದೆ, ಕೈ ಮುಚ್ಕೊಳ್ಳಿ ಅಂತ. ಅವರು ಕೇಳ್ಬೇಕಲ್ಲ. ಇಪ್ಪತ್ತು ಎಣಿಸ್ತಾ ಇದ್ರು."

ವ್ಯಾನು ಹಿಡಿದವರನ್ನು ಒಯ್ಯುತ್ತಿದ್ದ ಆಶ್ರಯ ಕೇಂದ್ರ ಊರಾಚೆಯ ಹಳೆಯ ಗೋದಾಮು. ಉದ್ದನೆಯ ಹಜಾರ, ಫಿನಾಯಿಲ್ ವಾಸನೆ, ಗೋಡೆಯುದ್ದಕ್ಕೂ ಚಾಪೆಗಳ ಸಾಲು. ಮಗ ಕೆಲಸ ಅರ್ಧಕ್ಕೆ ಬಿಟ್ಟು ಓಡಿಬಂದಿದ್ದ. ಮೊದಲ ಸಲ ನೋಡಿದಾಗ ಅಪ್ಪನ ಗುರುತು ಸಿಗಲಿಲ್ಲ. ಹೇನಿನ ಭಯಕ್ಕೆ ಬಂದವರೆಲ್ಲರ ತಲೆ ಬೋಳಿಸುತ್ತಿದ್ದರು, ಅವರದ್ದೂ ಬೋಳಿಸಿದ್ದರು. ಮೈಮೇಲೆ ಬೂದು ಬಣ್ಣದ ಅಂಗಿ. ಹದಿನಾಲ್ಕನೆಯ ಚಾಪೆಯ ಮೇಲೆ ಕೂತಿದ್ದರು.

ಗುಮಾಸ್ತ ಕೆಟ್ಟವನಲ್ಲ. ಕುರ್ಚಿ ಕೊಟ್ಟ, ನೀರು ಕೊಟ್ಟ.

"ಎರಡು ಫಾರಂ ಇದೆ ಸರ್. ಒಂದನೇದು, ಇವರು ಭಿಕ್ಷುಕರಲ್ಲ, ತಪ್ಪಾಗಿ ಹಿಡಿದಿದ್ದಾರೆ ಅಂತ. ಅದಕ್ಕೆ ವಿಚಾರಣೆ ಆಗ್ಬೇಕು, ಸಾಕ್ಷಿ ಬೇಕು. ಹದಿನೈದು ದಿನ. ಅಲ್ಲೀತನಕ ಇಲ್ಲೇ ಇರ್ತಾರೆ."

"ಎರಡನೇದು?"

"ಬೇಡಿದ್ದು ನಿಜ, ಇನ್ಮೇಲೆ ಬೇಡದ ಹಾಗೆ ಮನೆಯವರು ನೋಡ್ಕೊಳ್ತೀವಿ ಅಂತ. ಸಹಿ ಹಾಕಿದ್ರೆ ಅರ್ಧ ಗಂಟೆ."

"ಬೋರ್ಡ್ ಓದ್ಲಿಲ್ವಾ ನಿಮ್ಮೋರು?" ಎಂದಳು ಸೊಸೆ. "ದುಡ್ಡು ಹಾಕಬೇಡಿ ಅಂತಾನೇ ಬರೆದಿತ್ತು."

ಗುಮಾಸ್ತ ಫೈಲ್ ತೆಗೆದು ತೋರಿಸಿದ. ರಟ್ಟು ಅದರೊಳಗೇ ಇತ್ತು, ಮೂಲೆಯಲ್ಲಿ ನಂಬರು ಬರೆದು. "ಎಲ್ಲರ ಹತ್ರನೂ ಒಂದು ಬೋರ್ಡ್ ಇರುತ್ತಮ್ಮಾ. ಓದ್ತಾ ಕೂತ್ರೆ ವ್ಯಾನ್ ತುಂಬಲ್ಲ."

ಸಾಕ್ಷಿಗೆ ಮಫ್ಲರ್ ಇದ್ದಾನೆ ಎಂದು ಸೊಸೆ ಹೇಳಹೊರಟಳು, ಅವನು ಯಾರೆಂದು ನೆನಪಾಗಿ ಸುಮ್ಮನಾದಳು. ಮಗ ಅಪ್ಪನ ಬೋಳು ತಲೆ ನೋಡಿದ, ಚಾಪೆ ನೋಡಿದ, ಎರಡನೆಯ ಫಾರಂ ಎಳೆದುಕೊಂಡ. ಸಹಿಗೆ ಮುಂಚೆ ಗಟ್ಟಿಯಾಗಿ ಓದಬೇಕೆಂಬ ನಿಯಮವಿತ್ತು, ಗುಮಾಸ್ತ ಓದಿದ. ನನ್ನ ತಂದೆ ಸಾರ್ವಜನಿಕ ಸ್ಥಳದಲ್ಲಿ ಭಿಕ್ಷೆ ಬೇಡಿದ್ದು ನಿಜ.

"ಇಲ್ಲ," ಎಂದರು ಕಂಡಕ್ಟರು.

"ಅಪ್ಪಾ, ಸುಮ್ನಿರಿ. ಮನೆಗೆ ಹೋಗೋಣ."

"ಇಲ್ಲ."

"ಬರೀ ಕಾಗದ ಅಪ್ಪಾ!"

"ಇಲ್ಲ!" ಈ ಸಲ ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಗ ಸಹಿ ಹಾಕಿದ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಾವನ ಬಲಗೈ ಮುಷ್ಟಿ ಕಟ್ಟಿರುವುದನ್ನು ಸೊಸೆ ಕಂಡಳು. ದಣಿವಿರಬೇಕು ಅಂದುಕೊಂಡಳು.

ದಣಿವಲ್ಲ. ಮರುದಿನ ಅವರು ಕೈ ಬಿಚ್ಚಲಿಲ್ಲ, ಅದರ ಮರುದಿನವೂ ಇಲ್ಲ. ವ್ಯಾಯಾಮದ ಕೋಣೆಗೆ ಬಂದು ಕೂರುತ್ತಿದ್ದರು, ಕೈ ಮುಟ್ಟಿದರೆ "ಇಲ್ಲ". ಎಣ್ಣೆ ಹಚ್ಚಲು ಹೋದ ಅಜ್ಜಿಗೂ ಇಲ್ಲ. ಮನೆಯಲ್ಲಿ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಚಹಾ ಹಿಡಿದು ನಿಂತರೆ ನೋಡುತ್ತ ಕೂರುವರು. ಮೇಜಿನ ಮೇಲಿಟ್ಟು ಆಚೆ ಹೋದ ಮೇಲೆ ಎಡಗೈಯಿಂದ ಎತ್ತಿಕೊಳ್ಳುವರು. ಮಾತ್ರೆಯೂ ಹಾಗೆಯೇ, ತಟ್ಟೆಯಲ್ಲಿಟ್ಟರೆ ಮಾತ್ರ. ಸೊಸೆ ಎರಡೇ ದಿನಕ್ಕೆ ಅಭ್ಯಾಸ ಮಾಡಿಕೊಂಡಳು. ಮಗನಿಗೆ ಆಗಲಿಲ್ಲ, ಲೋಟ ಹಿಡಿದುಕೊಂಡು ನಿಂತೇ ಇರುತ್ತಿದ್ದ, ಚಹಾ ಆರುವವರೆಗೂ.

ಸುದ್ದಿ ಬೀದಿಗೆ ತಲುಪಿತು, ಉಪ್ಪು ಖಾರ ಹಚ್ಚಿಕೊಂಡೇ. ಒಂದು ಮಧ್ಯಾಹ್ನ ಎದುರು ಮನೆಯಾಕೆ ಚೀಲವೊಂದನ್ನು ತಂದು ಅಜ್ಜಿಯ ಮುಂದಿಟ್ಟಳು.

"ನಮ್ಮವರ ಹಳೇ ಅಂಗಿ. ಚೆನ್ನಾಗೇ ಇದೆ. ಕಷ್ಟ ಅಂತ ಒಂದು ಮಾತು ಹೇಳಬಾರದಿತ್ತಾ? ಹೊರಗಿನವರೇನು ನಾವು?"

"ಕಷ್ಟ ಏನಿಲ್ಲಮ್ಮಾ."

"ಗೊತ್ತು, ಗೊತ್ತು. ಎಲ್ರೂ ಹಾಗೇ ಹೇಳೋದು."

ಅವಳು ಹೋದ ಮೇಲೆ ಅಜ್ಜಿ ಒಂದು ಅಂಗಿ ಹರಿದು ನೆಲ ಒರೆಸಿದಳು. ಸಂಜೆ ಮಗ ಬಂದಾಗ ಆ ಒದ್ದೆ ಬಟ್ಟೆ ಬಾಗಿಲ ಬಳಿಯೇ ಇತ್ತು.

"ನೋಡು, ನಿನ್ನ ಸಹಿಗೆ ಬಂದ ಉಡುಗೊರೆ."

"ಅಮ್ಮಾ, ಶುರು ಮಾಡಬೇಡ."

"ಅರ್ಧ ಗಂಟೇಲಿ ಅಪ್ಪನ್ನ ಭಿಕ್ಷುಕನ್ನಾಗಿ ಮಾಡಿಬಿಟ್ಟೆ. ಮೂವತ್ತನಾಲ್ಕು ವರ್ಷ ಒಂದು ಕಂಪ್ಲೇಂಟ್ ಬರದ ಹಾಗೆ ದುಡಿದೋರು."

"ಹದಿನೈದು ದಿನ ಆ ಚಾಪೆ ಮೇಲೆ ಬಿಟ್ಟು ಬರಬೇಕಿತ್ತಾ? ಆಗ ನೀನೇ ಏನು ಅಂತಿದ್ದೆ? ಅಪ್ಪನ್ನ ಬಿಟ್ಟು ಕೈ ತೊಳ್ಕೊಂಡ ಅಂತಿದ್ದೆ."

ಅಜ್ಜಿ ಹೇಳಿದ್ದೂ ಸರಿ, ಮಗ ಹೇಳಿದ್ದೂ ಸರಿ, ಆ ಕಾರಣಕ್ಕೇ ಜಗಳ ದಿನವೂ ಅದೇ ಜಾಗದಿಂದ ಶುರುವಾಗುತ್ತಿತ್ತು. ಕಂಡಕ್ಟರು ಬ್ರೆಡ್ಡನ್ನು ಎಡಗೈಯಿಂದ ಮುರಿದು ತಿನ್ನುತ್ತಿದ್ದರು. ಬಲಗೈ ಮೇಜಿನ ಕೆಳಗೆ.

"ನಂದೇ ತಪ್ಪು," ಎಂದಳು ಮೊಮ್ಮಗಳು ಒಂದು ದಿನ. "ನಾನು ಆ ಬೋರ್ಡ್ ಬರೀಬಾರದಿತ್ತು." ಅವಳ ಬಾಯಿಂದ ಆ ಮಾತು ಬಂದದ್ದು ಮನೆಯಲ್ಲಿ ಅದೇ ಮೊದಲು. ಯಾರೂ ಸಂತೋಷಪಡಲಿಲ್ಲ.

ಸಹಿ ಹಾಕಿ ಆರು ವಾರವಾದಾಗ ಸೊಸೆಯ ಪಾಳಿ ಬದಲಾಯಿತು. ಮಂಗಳವಾರ ಮಗ ಅರ್ಧ ದಿನ ರಜೆ ಹಾಕಿ ಅಪ್ಪನನ್ನು ಕರೆದೊಯ್ದ. ವ್ಯಾಯಾಮದ ಹೆಂಗಸು ಮುಷ್ಟಿಯನ್ನು ತಿರುಗಿಸಿ ನೋಡಿ ಮಗನನ್ನು ಪಕ್ಕಕ್ಕೆ ಕರೆದಳು.

"ಬಿಗಿ ಆಗ್ತಾ ಇದೆ. ಇನ್ನೆರಡು ವಾರ ನೋಡ್ತೀನಿ. ಆಮೇಲೆ ಬಂದು ಪ್ರಯೋಜನ ಇಲ್ಲ. ಬೇರೆಯವರಿಗೆ ಆ ಸಮಯ ಕೊಡಬೇಕಾಗುತ್ತೆ."

ಹೊರಗೆ ಬಂದು ಅಪ್ಪ ಮಗ ಬೆಂಚಿನ ಮೇಲೆ ಕೂತರು. ಆ ತುದಿಯಲ್ಲಿ ಮಫ್ಲರ್ ಇದ್ದ. ವ್ಯಾನು ಈಗೀಗ ಮಧ್ಯಾಹ್ನದ ಮೇಲಷ್ಟೇ ಬರುತ್ತದೆಂದು ಅವನಿಗೆ ತಿಳಿದಿತ್ತು. ಮಗನ ಮೈಮೇಲೆ ಕೆಲಸದ ನೀಲಿ ಬಟ್ಟೆ, ಬೆನ್ನ ಮೇಲೆ ಕಂಪನಿಯ ಹೆಸರು, ಉಗುರಿನಲ್ಲಿ ಗ್ರೀಸು.

"ಅಪ್ಪಾ, ಎರಡೇ ವಾರ ಅಂತೆ."

ಕಂಡಕ್ಟರು ಬಸ್ಸು ನೋಡುತ್ತಿದ್ದರು.

"ನನ್ನ ಮೇಲೆ ಸಿಟ್ಟಿದ್ರೆ ಹೊಡೀರಿ. ಕೈ ಮೇಲೆ ಯಾಕೆ ತೀರಿಸ್ಕೊಳ್ತೀರಿ?" ಮಗನಿಗೆ ಇನ್ನೇನು ಮಾಡಬೇಕೆಂದು ತೋಚಲಿಲ್ಲ. ಮಕ್ಕಳಿಗೆ ಬರೆಯಲು ಕಲಿಸುವವರಂತೆ ತನ್ನ ಬಲಗೈಯನ್ನೇ ಮಂಡಿಯ ಮೇಲಿಟ್ಟ, ಅಂಗೈ ಮೇಲೆ ಮಾಡಿದ, ಬೆರಳು ಬಿಚ್ಚಿದ. "ಹೀಗೆ. ನೋಡಿ. ನಾನೂ ಮಾಡ್ತೀನಿ. ಒಂದು, ಎರಡು, ಮೂರು..."

ಹನ್ನೆರಡು ಎಣಿಸುವಷ್ಟರಲ್ಲಿ ಬಸ್ಸಿನಿಂದ ಔಷಧಿ ಚೀಟಿ ಹಿಡಿದ ಹೆಂಗಸೊಬ್ಬಳು ಇಳಿದಳು. ಆಸ್ಪತ್ರೆಯ ಗೇಟಿನ ಕಡೆ ಹೊರಟವಳು ಎರಡು ಹೆಜ್ಜೆ ಹಿಂದೆ ಬಂದು, ಮಗನ ಅಂಗೈಗೆ ಒಂದು ನಾಣ್ಯ ಹಾಕಿದಳು.

"ನಮ್ಮವರು ಇವತ್ತು ಆಪರೇಷನ್‌ಗೆ ಹೋಗ್ತಾ ಇದ್ದಾರೆ," ಎಂದಳು. "ಚೆನ್ನಾಗಾಗ್ಲಿ ಅಂತ ಬೇಡ್ಕೊಳ್ಳಿ."

ಮಗ ಬಾಯಿ ತೆರೆದ. ನಾನು ಅಂಥವನಲ್ಲ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ಅದು ಹೊರಡಲಿಲ್ಲ. ಅವಳು ಗೇಟು ದಾಟಿ ಹೋದಳು. ನಾಣ್ಯ ಅಂಗೈಯಲ್ಲೇ ಇತ್ತು. ಮುಚ್ಚಿದರೆ ತೆಗೆದುಕೊಂಡ ಹಾಗೆ, ಬಿಸಾಡಿದರೆ ಅವಳ ಗಂಡನ ಆಪರೇಷನ್. ಜೀವಮಾನದಲ್ಲಿ ಇಷ್ಟು ನಾಚಿಕೆ ಅವನಿಗೆ ಆಗಿರಲಿಲ್ಲ.

"ಹೇಳಿಯೂ ಉಪಯೋಗ ಇಲ್ಲ ಬಿಡಿ," ಎಂದ ಮಫ್ಲರ್ ಆ ತುದಿಯಿಂದ. "ಅಲ್ಲ ಅಂದ್ರೆ ಇನ್ನೊಂದು ಹಾಕ್ತಾರೆ."

ಮಗ ಪಕ್ಕಕ್ಕೆ ತಿರುಗಿದ. ಅಪ್ಪ ಬಸ್ಸು ನೋಡುವುದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು. ಆರು ವಾರದಲ್ಲಿ ಮೊದಲ ಸಲ.

"ಏಳಿ ಅಪ್ಪಾ," ಎಂದ ಮಗ. ಮುಂದಿನ ಬಸ್ಸು ಹತ್ತಿದರು.

ಆಶ್ರಯ ಕೇಂದ್ರದಲ್ಲಿ ಗುಮಾಸ್ತ ಊಟದ ಡಬ್ಬಿ ತೆರೆಯುವುದರಲ್ಲಿದ್ದ.

"ಒಂದನೇ ಫಾರಂ ಕೊಡಿ," ಎಂದ ಮಗ. "ಇವರು ಭಿಕ್ಷುಕರಲ್ಲ ಅನ್ನೋದು."

"ಅವತ್ತೇ ಮನೆಗೆ ಹೋದ್ರಲ್ಲ ಸರ್. ನೀವೇ ಸಹಿ ಹಾಕಿದ್ರಿ."

"ಹಾಕಿದೆ. ಸುಳ್ಳಿಗೆ ಹಾಕಿದೆ."

"ಮನುಷ್ಯ ಮನೇಲಿದ್ದಾರೆ, ಫೈಲ್ ಮುಚ್ಚಿದೆ. ಈಗ ಯಾಕೆ ಕೆದಕ್ತೀರಿ?"

ಮಗ ನಾಣ್ಯವನ್ನು ಮೇಜಿನ ಮೇಲಿಟ್ಟ. "ಇದು ಇವತ್ತು ನನ್ನ ಕೈಗೆ ಬಿತ್ತು. ಅದೇ ಬೆಂಚು. ನಾನೂ ಕೈ ಬಿಚ್ಚಿ ಕೂತಿದ್ದೆ. ಹಾಗಾದ್ರೆ ನನ್ನನ್ನೂ ಬರ್ಕೊಳ್ಳಿ."

ಗುಮಾಸ್ತನಿಗೆ ನಗು ಬಂತು. ಹಸಿದ ಹೊತ್ತಿನಲ್ಲೂ ಬರುವ ಬಗೆಯ ನಗು. ಕಟ್ಟಿನ ಮೇಲಿದ್ದ ಎರಡನೆಯ ಫಾರಂ ಎಳೆದು ಕಂಡಕ್ಟರ ಮುಂದೆ ಸರಿಸಿದ.

"ಅದಕ್ಕೇನಂತೆ. ಮಗ ಭಿಕ್ಷೆ ಬೇಡಿದ್ದು ನಿಜ ಅಂತ ನೀವೊಂದು ಸಹಿ ಹಾಕಿ ಯಜಮಾನ್ರೇ. ಅರ್ಧ ಗಂಟೇಲಿ ಮನೆಗೆ ಕರ್ಕೊಂಡು ಹೋಗಿ."

ತಮಾಷೆಗೆ ಹೇಳಿದ್ದು. ಕಂಡಕ್ಟರು ನಗಲಿಲ್ಲ. ಕಾಗದವನ್ನು ಮೇಲಿಂದ ಕೆಳಗಿನವರೆಗೆ ನೋಡಿದರು, ಆಮೇಲೆ ಮಗನನ್ನು ನೋಡಿದರು.

"ಇಲ್ಲ," ಎಂದರು.

ಎಡಗೈಯಿಂದ ಬಲಗೈ ಎತ್ತಿ ಆ ಕಾಗದದ ಮೇಲಿಟ್ಟರು. ಮುಷ್ಟಿ ಹಾಗೆಯೇ ಇತ್ತು. ಒಂದೊಂದೇ ಬೆರಳನ್ನು ಎಡಗೈಯಿಂದ ಹಿಡಿದು ಬಿಚ್ಚತೊಡಗಿದರು. ಆರು ವಾರ ಬಿಚ್ಚದ ಬೆರಳು, ನೋವಿಗೆ ಕಣ್ಣಿನಲ್ಲಿ ನೀರು ಬಂತು. ಮಗ ಸಹಾಯಕ್ಕೆ ಕೈ ಹಾಕಲು ಹೋಗಿ ನಿಲ್ಲಿಸಿದ. ಕಿರುಬೆರಳು ಪೂರ್ತಿ ಬರಲಿಲ್ಲ. ಬಂದಷ್ಟನ್ನೇ ಎಡಗೈಯಿಂದ ಒತ್ತಿ ಹಿಡಿದು, ಅಂಗೈಯನ್ನು ಕಾಗದಕ್ಕೆ ಊರಿ, ಫಾರಮ್ಮನ್ನು ಮೇಜಿನ ಆಚೆ ತುದಿಯವರೆಗೆ ತಳ್ಳಿದರು.

"ಇಲ್ಲ."

ಮಗ ಅತ್ತುಬಿಟ್ಟ. ಹದಿನಾಲ್ಕನೆಯ ಚಾಪೆಯ ಮೇಲೆ ಬೇರೆ ಯಾರೋ ಕೂತಿದ್ದರು, ಅವರೂ ನೋಡಿದರು.

ಗುಮಾಸ್ತ ಡಬ್ಬಿಯ ಮುಚ್ಚಳ ಹಾಕಿದ. ಬಗ್ಗಿ, ಕೆಳಗಿನ ಖಾನೆ ಎಳೆದು, ಅಡಿಯಲ್ಲಿದ್ದ ಒಂದನೆಯ ಫಾರಂ ತೆಗೆದು ಧೂಳು ಕೊಡವಿ ಕೊಟ್ಟ. ಮಗ ಮೂಗೊರೆಸಿಕೊಂಡು ಬರೆಯಲು ಕೂತ. ಫ್ಯಾನಿನ ಗಾಳಿಗೆ ಕಾಗದ ಏಳುತ್ತಿತ್ತು. ಕಂಡಕ್ಟರು ಬಲಗೈಯನ್ನು ಅದರ ಮೂಲೆಯ ಮೇಲೆ ಇಟ್ಟರು, ಬೆರಳು ಬಿಚ್ಚಿಕೊಂಡೇ.

"ವಿಚಾರಣೆಗೆ ಹದಿನೈದು ದಿನ ಆಗುತ್ತೆ, ಈ ಸಲ ಮನೇಲೇ ಇರಬಹುದು," ಎಂದ ಗುಮಾಸ್ತ.

"ರೈಟ್," ಎಂದರು ಕಂಡಕ್ಟರು.